ಮೊಬೈಲ್ ಟವರ್ ಲೊಕೇಶನ್ ಮತ್ತು ಅಪರಾಧ ತನಿಖೆ: ಬಾಗಲಕೋಟೆ ಸೀಮೆಯಿಂದ ಒಂದು ನೋಟ

ಅಪರಾಧ ನಡೆದ ಹೊತ್ತಿಗೆ ಶಂಕಿತನ ಮೊಬೈಲ್ ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂಬುದನ್ನು ದೂರಸಂಪರ್ಕ ಕಂಪನಿಯ ದಾಖಲೆಗಳಿಂದ ಕಂಡುಕೊಂಡು, ಆತ ಆ ಸ್ಥಳದಲ್ಲಿ ಇದ್ದಿರಬಹುದೇ ಎಂದು ಪರಿಶೀಲಿಸುವ ತನಿಖಾ ವಿಧಾನ ಇದು. ಕೊಲೆ, ದರೋಡೆ, ಅಪಹರಣ, ಮನೆಗಳ್ಳತನ, ಕಾಣೆಯಾದವರ ಹುಡುಕಾಟ ಎಲ್ಲದರಲ್ಲೂ ಇಂದು ಇದರ ಬಳಕೆ ಇದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಯಾರನ್ನಾದರೂ ಠಾಣೆಗೆ ಕರೆದೊಯ್ದರೆ ‘ಲೊಕೇಶನ್ ತೆಗಿಸ್ಯಾರ’ ಎಂಬ ಮಾತು ಹೊಟೇಲಿನ ಕಟ್ಟೆಯವರೆಗೂ ಬರುತ್ತದೆ. ಲೊಕೇಶನ್ ಸಿಕ್ಕಿತೆಂದರೆ ಮನುಷ್ಯ ಸಿಕ್ಕಿದಂತೆ ಎಂಬ ನಂಬಿಕೆ ಆ ಮಾತಿನಲ್ಲಿದೆ. ದಾಖಲೆ ಹೇಳುವುದು ಅದಕ್ಕಿಂತ ಬಹಳ ಕಡಿಮೆ. ಒಂದು ಫೋನ್ ಒಂದು ಹೊತ್ತಿನಲ್ಲಿ ಒಂದು ಸೆಲ್‌ನೊಂದಿಗೆ, ಅಂದರೆ ಟವರಿನ ಒಂದು ಮುಖದೊಂದಿಗೆ, ಮಾತಾಡಿತು ಎನ್ನುವಷ್ಟಕ್ಕೇ ಅದು ನಿಲ್ಲುತ್ತದೆ. ಮಿಕ್ಕಿದ್ದನ್ನೆಲ್ಲ ತನಿಖಾಧಿಕಾರಿ ಬೇರೆ ಸಾಕ್ಷ್ಯಗಳಿಂದ ಕಟ್ಟಬೇಕು.

ದಾಖಲೆಯಲ್ಲಿ ಏನಿರುತ್ತದೆ

ಪೊಲೀಸರು ಮೊದಲು ಕೇಳುವುದು ಕರೆ ವಿವರ ದಾಖಲೆಯನ್ನು, ಅಂದರೆ ಸಿಡಿಆರ್. ಇದರಲ್ಲಿ ಮಾತಿನ ಧ್ವನಿಯಾಗಲಿ ಸಂದೇಶದ ಒಕ್ಕಣೆಯಾಗಲಿ ಇರುವುದಿಲ್ಲ. ಒಂದು ಸಾಲನ್ನು ಬಿಡಿಸಿ ನೋಡೋಣ. ಕರೆ ಮಾಡಿದ ಸಂಖ್ಯೆ, ಕರೆ ಹೋದ ಸಂಖ್ಯೆ, ದಿನಾಂಕ, ಕರೆ ಆರಂಭವಾದ ಗಂಟೆ-ನಿಮಿಷ-ಸೆಕೆಂಡು, ಎಷ್ಟು ಸೆಕೆಂಡು ನಡೆಯಿತು. ಆ ಬಳಿಕ ಹ್ಯಾಂಡ್‌ಸೆಟ್ಟಿನ 15 ಅಂಕಿಯ ಐಎಂಇಐ, ಸಿಮ್ಮಿನ ಐಎಂಎಸ್‌ಐ. ಕೊನೆಗೆ ಕರೆ ಶುರುವಾದಾಗಿನ ಸೆಲ್ ಐಡಿ ಮತ್ತು ಮುಗಿದಾಗಿನ ಸೆಲ್ ಐಡಿ. ಸೆಲ್ ಐಡಿ ಅಂಕಿಗಳ ಒಂದು ಗುಚ್ಛ. ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ಮುಂದಿನವು ಕಂಪನಿಯನ್ನೂ ಪ್ರದೇಶವನ್ನೂ ಟವರಿನ ಒಂದು ಮುಖವನ್ನೂ ಸೂಚಿಸುತ್ತವೆ. ಕಂಪನಿ ಕೊಡುವ ಇನ್ನೊಂದು ಪಟ್ಟಿಯಲ್ಲಿ ಆ ಸೆಲ್ಲಿನ ವಿಳಾಸ, ಅಕ್ಷಾಂಶ-ರೇಖಾಂಶ, ಆ್ಯಂಟೆನಾ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಕೋನ ಇರುತ್ತವೆ. ಎರಡನ್ನೂ ಜೋಡಿಸಿದಾಗ ಮಾತ್ರ ನಕ್ಷೆ ಮೂಡುತ್ತದೆ.

ಶುರುವಿನ ಮತ್ತು ಕೊನೆಯ ಸೆಲ್ ಬೇರೆ ಬೇರೆಯಾಗಿದ್ದರೆ ಫೋನ್ ಚಲಿಸುತ್ತಿತ್ತೆಂದು ಊಹಿಸುವುದು ರೂಢಿ. ಹಲವು ಸಲ ಅದು ಸರಿಯೂ ಹೌದು. ಹುನಗುಂದದಲ್ಲಿ ಶುರುವಾದ ಕರೆ ಇಳಕಲ್ ಪಟ್ಟಣದ ಸೆಲ್ಲಿನಲ್ಲಿ ಮುಗಿದರೆ ವ್ಯಕ್ತಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಕ್ಷಿಣಕ್ಕೆ ಹೊರಟಿದ್ದ ಎನ್ನಬಹುದು. ಆದರೆ ಒಂದೇ ಕಡೆ ಕುಳಿತವನ ಫೋನೂ ಎರಡು ಟವರುಗಳ ನಡುವೆ ಹೊಯ್ದಾಡುತ್ತದೆ. ಪಕ್ಕಪಕ್ಕದ ಸೆಲ್‌ಗಳು ಬದಲಾದ ಮಾತ್ರಕ್ಕೆ ಪ್ರಯಾಣವೆಂದು ಬರೆದುಬಿಡುವುದು ದೋಷಾರೋಪ ಪಟ್ಟಿಗಳಲ್ಲಿ ಸುಲಭವಾಗಿ ನುಸುಳುವ ತಪ್ಪು.

ಇನ್ನೊಂದು ಮಿತಿಯೂ ಇದೆ. ಕರೆ ಅಥವಾ ಸಂದೇಶ ನಡೆದಾಗಲೇ ಸಿಡಿಆರ್‌ನಲ್ಲಿ ಸಾಲು ಮೂಡುವುದು. ಜೇಬಿನಲ್ಲಿ ಸುಮ್ಮನಿರುವ ಫೋನ್ ಅಲ್ಲಿ ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಕರೆಯೂ ಕರೆಯಾಗಿ ಕಾಣುವುದಿಲ್ಲ. ಅದು ಇಂಟರ್‌ನೆಟ್ ಬಳಕೆಯ ಪ್ರತ್ಯೇಕ ದಾಖಲೆಯಾದ ಐಪಿಡಿಆರ್‌ನಲ್ಲಿ ಬರಿಯ ಡೇಟಾ ಆಗಿ ಕರಗಿಹೋಗಿರುತ್ತದೆ. ಒಂದು ಡೇಟಾ ಸಂಪರ್ಕ ತಾಸುಗಟ್ಟಲೆ ತೆರೆದೇ ಇರಬಹುದು. ಅದರ ಆರಂಭದ ಸೆಲ್ಲನ್ನು ನೋಡಿ ಅಷ್ಟೂ ಹೊತ್ತು ಆತ ಅಲ್ಲೇ ಇದ್ದನೆಂದರೆ ದಾರಿ ತಪ್ಪಿದಂತೆ.

ಕಲ್ಲು, ನೀರು, ಜಾತ್ರೆ

ಸಾಮಾನ್ಯವಾಗಿ ಒಂದು ಟವರಿನ ಮೇಲೆ ಮೂರು ದಿಕ್ಕಿಗೆ ಮೂರು ಆ್ಯಂಟೆನಾ ಮುಖಗಳಿರುತ್ತವೆ, ಒಂದೊಂದೂ ಸುಮಾರು 120 ಡಿಗ್ರಿ ಹರವಿನದು. ನಗರದಲ್ಲಿ ಅರ್ಧ ಕಿಲೋಮೀಟರ್ ಮುಟ್ಟುವ ಇಂಥ ಒಂದು ಮುಖ ಆವರಿಸುವ ಜಾಗ ಸುಮಾರು ಕಾಲು ಚದರ ಕಿಲೋಮೀಟರ್. ಹಳ್ಳಿಗಾಡಿನಲ್ಲಿ ಅದೇ ಮುಖ 5 ಕಿಲೋಮೀಟರ್ ಮುಟ್ಟಿದರೆ ಜಾಗ 26 ಚದರ ಕಿಲೋಮೀಟರ್ ದಾಟುತ್ತದೆ. ಅಂತರ ಹತ್ತು ಪಟ್ಟಾದರೆ ಅನಿಶ್ಚಯ ನೂರು ಪಟ್ಟು. ಬೆಂಗಳೂರಿನ ಪ್ರಕರಣದಲ್ಲಿ ‘ಆ ಟವರಿನಲ್ಲಿದ್ದ’ ಎಂಬ ಮಾತು ಒಂದು ಬಡಾವಣೆಯನ್ನು ತೋರಿಸಿದರೆ, ಹುನಗುಂದದ ಎರೆ ಹೊಲಗಳ ನಡುವೆ ಅದೇ ಮಾತು ಒಂದೆರಡು ಊರುಗಳನ್ನೂ ಅವುಗಳ ಅಡವಿಯನ್ನೂ ಒಟ್ಟಿಗೆ ನುಂಗುತ್ತದೆ. ಹಳೆಯ ಜಿಎಸ್‌ಎಂ ಜಾಲದಲ್ಲಿ ಒಂದು ಟವರು ತಾತ್ತ್ವಿಕವಾಗಿ 35 ಕಿಲೋಮೀಟರ್‌ವರೆಗೆ ಫೋನನ್ನು ಹಿಡಿದಿಡಬಲ್ಲದು. ಬಾದಾಮಿಗೂ ಬಾಗಲಕೋಟೆಗೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಟವರಿನಿಂದ ಫೋನ್ ಎಷ್ಟು ದೂರದಲ್ಲಿತ್ತು ಎಂಬ ಅಳತೆ ಜಾಲದೊಳಗೆ ನಡೆಯುತ್ತದೆ. ಜಿಎಸ್‌ಎಂನಲ್ಲಿ ಸುಮಾರು 550 ಮೀಟರಿನ, 4ಜಿಯಲ್ಲಿ ಸುಮಾರು 78 ಮೀಟರಿನ ಹೆಜ್ಜೆಗಳಲ್ಲಿ. ಠಾಣೆಗೆ ಬರುವ ಸಾಮಾನ್ಯ ಸಿಡಿಆರ್‌ನಲ್ಲಿ ಆ ಅಳತೆ ಇರುವುದಿಲ್ಲ.

ಫೋನ್ ಹತ್ತಿರದ ಟವರನ್ನೇ ಹಿಡಿಯುತ್ತದೆಂಬುದು ಎಲ್ಲರ ನಂಬಿಕೆ. ನಿಜವಾಗಿ ಆ ಕ್ಷಣ ಚೆನ್ನಾಗಿ ಕೇಳಿಸುವ, ಜಾಗವಿರುವ ಸೆಲ್ಲನ್ನು ಅದು ಹಿಡಿಯುತ್ತದೆ. ಬಾದಾಮಿಯಲ್ಲಿ ಇದನ್ನು ಕಣ್ಣಾರೆ ಅರ್ಥ ಮಾಡಿಕೊಳ್ಳಬಹುದು. ಊರು ಕೂತಿರುವುದು ಎರಡು ಕೆಂಪು ಮರಳುಗಲ್ಲಿನ ಗುಡ್ಡಗಳ ಬಾಯಲ್ಲಿ. ದಕ್ಷಿಣದ ಗುಡ್ಡದ ಮೈಯಲ್ಲಿ ಮೇಣಬಸದಿಯ ಗುಹೆಗಳು, ಉತ್ತರದ ಗುಡ್ಡದ ಮೇಲೆ ಕೋಟೆ ಮತ್ತು ಮೇಲಣ ಶಿವಾಲಯ, ನಡುವೆ ಅಗಸ್ತ್ಯತೀರ್ಥ, ಅದರ ಪೂರ್ವದ ದಂಡೆಗೆ ಭೂತನಾಥ ಗುಡಿ. ಕಡಿದಾದ ಬಂಡೆ ರೇಡಿಯೊ ಅಲೆಗೆ ಗೋಡೆ. ಗುಹೆಯೊಳಗೆ ನಿಂತವನ ಫೋನಿಗೆ ಬಂಡೆಯ ಹಿಂದಿನ ಟವರು ಹತ್ತಿರವಿದ್ದರೂ ಕೇಳಿಸದೆ, ತೆರೆದ ದಿಕ್ಕಿನ ದೂರದ ಟವರು ಕೇಳಿಸಬಹುದು. ಕೋಟೆಯ ನೆತ್ತಿಯಲ್ಲಿ ನಿಂತವನ ಫೋನಿಗೆ ಬಯಲಿನ ಆಚೆಯ ಊರುಗಳ ಟವರುಗಳೂ ಎಟುಕಬಹುದು. ಇಬ್ಬರ ನಡುವೆ ಇರುವುದು ಒಂದು ಕೂಗಿನ ದೂರ. ದಾಖಲೆಯಲ್ಲಿ ಇಬ್ಬರೂ ಬೇರೆ ಬೇರೆ ಊರಲ್ಲಿದ್ದಂತೆ ಕಾಣಬಹುದು.

ನೀರಿನ ಮೇಲೆ ಇದಕ್ಕೆ ಪೂರ್ತಿ ವಿರುದ್ಧ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣಾ ಮತ್ತು ಮಲಪ್ರಭೆ ಕೂಡುವ ಕಡೆ ನಾರಾಯಣಪುರ ಜಲಾಶಯದ ಹಿನ್ನೀರು ಅಗಲವಾಗಿ ಹರಡಿದೆ. ಅಡೆತಡೆ ಇಲ್ಲದ ನೀರಿನ ಮೇಲೆ ಅಲೆ ದೂರ ಸಾಗುತ್ತದೆ. ಈ ದಂಡೆಯ ಫೋನ್ ಆಚೆ ದಂಡೆಯ, ವಿಜಯಪುರ ಜಿಲ್ಲೆಯ ಸೆಲ್ಲನ್ನು ಹಿಡಿದರೆ ಅಚ್ಚರಿಯಿಲ್ಲ. ಇಳಕಲ್ ಕೂಡ ಗಡಿಯ ಊರೇ. ಕೊಪ್ಪಳದ ಕುಷ್ಟಗಿ, ರಾಯಚೂರಿನ ಲಿಂಗಸುಗೂರು ತಾಲ್ಲೂಕುಗಳು ಪಕ್ಕದಲ್ಲೇ ಇವೆ. ದಾಖಲೆಯಲ್ಲಿ ಬೇರೆ ಜಿಲ್ಲೆಯ ಹೆಸರು ಬಂದ ಮಾತ್ರಕ್ಕೆ ವ್ಯಕ್ತಿ ಜಿಲ್ಲೆ ದಾಟಿದನೆಂದು ಈ ಸೀಮೆಯಲ್ಲಿ ಹೇಳುವಂತಿಲ್ಲ. ಇನ್ನು ಜನವರಿಯ ಬನಶಂಕರಿ ಜಾತ್ರೆಯಂಥ ಜನಸಂದಣಿಯಲ್ಲಿ ಹತ್ತಿರದ ಸೆಲ್ ತುಂಬಿ, ಕರೆಗಳು ಪಕ್ಕದ ಸೆಲ್‌ಗಳಿಗೆ ಜಾರುತ್ತವೆ. ತೇರಿನ ದಿನದ ಸಿಡಿಆರನ್ನು ಮಾಮೂಲಿ ದಿನದ್ದರಂತೆ ಓದಲು ಬರುವುದಿಲ್ಲ.

ಇದಕ್ಕೆ ಪರಿಹಾರ ಕ್ಷೇತ್ರ ಪರೀಕ್ಷೆ. ಘಟನಾ ಸ್ಥಳಕ್ಕೆ ಹೋಗಿ, ಅದೇ ಕಂಪನಿಯ ಸಿಮ್ ಹಾಕಿದ ಪರೀಕ್ಷಾ ಫೋನಿನಿಂದ ಅಲ್ಲಿ ಯಾವ ಯಾವ ಸೆಲ್ ಸಿಗುತ್ತದೆಂದು ಅಳೆದು ಬರೆದುಕೊಳ್ಳುವುದು. ಇಂಗ್ಲೆಂಡಿನ ಸೋಹಮ್ ಪ್ರಕರಣ ಇದರ ಶ್ರೇಷ್ಠ ಉದಾಹರಣೆ. 2002ರ ಆಗಸ್ಟ್ 4ರಂದು ಇಬ್ಬರು ಬಾಲಕಿಯರು ಕಾಣೆಯಾದರು. ಒಬ್ಬಳ ಫೋನ್ ಆರುವ ಮೊದಲು ಕೊನೆಯದಾಗಿ ಹಿಡಿದದ್ದು ಪಕ್ಕದ ಬರ್ವೆಲ್ ಊರಿನ ಟವರನ್ನು. ಬರಿಯ ವಿಳಾಸ ನೋಡಿದ್ದರೆ ಹುಡುಕಾಟ ಬರ್ವೆಲ್‌ಗೆ ಹೋಗುತ್ತಿತ್ತು. ತಜ್ಞರು ಸೋಹಮ್‌ನಲ್ಲೇ ನಡೆದಾಡಿ ಅಳೆದಾಗ ಆ ಟವರು ಸಿಗುವ ಕೆಲವೇ ತಾಣಗಳಲ್ಲಿ ಒಂದು ಅಪರಾಧಿಯ ಮನೆಯ ಬಳಿ ಎಂದು ತಿಳಿಯಿತು. 2003ರ ಡಿಸೆಂಬರಿನಲ್ಲಿ ಆತನಿಗೆ ಶಿಕ್ಷೆಯಾಯಿತು. ನಮ್ಮಲ್ಲಿ ಸ್ಥಳ ಮಹಜರಿನಲ್ಲಿ ರಕ್ತದ ಕಲೆ, ಚಪ್ಪಲಿ, ಕಲ್ಲುಗಳನ್ನು ಬರೆಯುವಂತೆ, ಸಿಗುವ ಸೆಲ್‌ಗಳನ್ನೂ ಬರೆಯುವ ಪದ್ಧತಿ ಗಟ್ಟಿಯಾಗಬೇಕು. ಟವರುಗಳ ಕೋನ ಮತ್ತು ಶಕ್ತಿಯನ್ನು ಕಂಪನಿಗಳು ಆಗಾಗ ಬದಲಿಸುವುದರಿಂದ ಇದು ತಡವಾದಷ್ಟೂ ಬೆಲೆ ಕಳೆದುಕೊಳ್ಳುತ್ತದೆ.

ಟವರ್ ಡಂಪ್

ಶಂಕಿತ ಯಾರೆಂದೇ ಗೊತ್ತಿಲ್ಲದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಘಟನಾ ಸ್ಥಳವನ್ನು ಆವರಿಸುವ ಎಲ್ಲ ಸೆಲ್‌ಗಳಲ್ಲಿ ನಿಗದಿತ ಹೊತ್ತಿನಲ್ಲಿ ದಾಖಲಾದ ಎಲ್ಲ ಫೋನುಗಳ ಪಟ್ಟಿ ತರಿಸುವುದೇ ಟವರ್ ಡಂಪ್. ಒಂದೇ ಬಗೆಯ ಎರಡು-ಮೂರು ಕಳ್ಳತನಗಳಾಗಿದ್ದರೆ ಆ ಎಲ್ಲ ಪಟ್ಟಿಗಳಲ್ಲೂ ಬರುವ ಸಂಖ್ಯೆಯನ್ನು ಹೆಕ್ಕುತ್ತಾರೆ. ಹೆದ್ದಾರಿ ಬದಿಯ ದರೋಡೆಗಳಲ್ಲಿ ಈ ವಿಧಾನ ಚೆನ್ನಾಗಿ ಫಲಿಸುತ್ತದೆ.

ಕರ್ನಾಟಕದ ಅತಿ ದೊಡ್ಡ ತನಿಖೆಗಳಲ್ಲಿ ಒಂದು ಈ ವಿಧಾನದ ಮಿತಿಯನ್ನು ತೋರಿಸಿತು. ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಗೌರಿ ಪ್ರಕರಣದ ವಿಶೇಷ ತನಿಖಾ ತಂಡ ಭಾರಿ ಪ್ರಮಾಣದ ಕರೆ ದಾಖಲೆಗಳನ್ನು ಜಾಲಾಡಿತು. ತಂಡದ ಪ್ರಕಾರ ಸಂಚುಗಾರರು ಮೊಬೈಲ್ ಬಳಕೆಯನ್ನು ಆದಷ್ಟೂ ತಪ್ಪಿಸಿ, ನಾಣ್ಯದ ಬೂತುಗಳಿಂದ ಮಾತಾಡಿ, ಸಂಖ್ಯೆಗಳನ್ನು ಸಂಕೇತದಲ್ಲಿ ಡೈರಿಗಳಲ್ಲಿ ಬರೆದಿಟ್ಟಿದ್ದರು. ಟವರು ಮೌನವಾಗಿದ್ದ ಕಡೆ ದಾರಿ ತೆರೆದದ್ದು ಆ ಡೈರಿಗಳು, ಬೂತಿನ ಕರೆಗಳ ಬೆನ್ನಟ್ಟುವಿಕೆ, ಮತ್ತು ಎರಡೂ ಕೊಲೆಗಳಲ್ಲಿ ಬಳಕೆಯಾದದ್ದು ಒಂದೇ ಪಿಸ್ತೂಲು ಎಂಬ ವಿಧಿವಿಜ್ಞಾನ ವರದಿ. ಕಲಬುರ್ಗಿ ಪ್ರಕರಣವನ್ನೂ ಇದೇ ತಂಡಕ್ಕೆ ಒಪ್ಪಿಸುವಂತೆ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ಹೇಳಿತು.

ಗುಟ್ಟಿನ ಫೋನುಗಳೂ ಸುಳಿವು ಬಿಡುವುದುಂಟು. ಲೆಬನಾನಿನ ಮಾಜಿ ಪ್ರಧಾನಿ ರಫೀಕ್ ಹರೀರಿ ಅವರನ್ನು 2005ರ ಫೆಬ್ರುವರಿ 14ರಂದು ಬಾಂಬಿಟ್ಟು ಕೊಂದಾಗ, ಪೊಲೀಸ್ ಅಧಿಕಾರಿ ವಿಸಾಮ್ ಈದ್ ಕರೆ ದಾಖಲೆಗಳಲ್ಲಿ ತಮ್ಮತಮ್ಮಲ್ಲೇ ಮಾತಾಡುವ ಫೋನುಗಳ ಗುಂಪೊಂದನ್ನು ಕಂಡುಹಿಡಿದರು. ಗುಟ್ಟಿನ ಫೋನಿನ ಜೊತೆಜೊತೆಗೇ ಟವರಿನಿಂದ ಟವರಿಗೆ ಸಾಗುತ್ತಿದ್ದ ಸ್ವಂತ ಫೋನು ಅದರ ಒಡೆಯನನ್ನು ತೋರಿಸಿಕೊಟ್ಟಿತು. ಈದ್ ಅವರನ್ನು 2008ರ ಜನವರಿಯಲ್ಲಿ ಕೊಲ್ಲಲಾಯಿತು. ಅವರು ಹಾಕಿಕೊಟ್ಟ ಜಾಡಿನ ಮೇಲೆ ವಿಶೇಷ ನ್ಯಾಯಮಂಡಳಿ 2020ರ ಆಗಸ್ಟಿನಲ್ಲಿ ಒಬ್ಬನನ್ನು ದೋಷಿಯೆಂದು ಘೋಷಿಸಿತು.

ಫೋನ್ ಬೇರೆ, ಮನುಷ್ಯ ಬೇರೆ

ಬಾಗಲಕೋಟೆ ಜಿಲ್ಲೆಯಿಂದ ಗೋವಾ, ಮಂಗಳೂರು, ಉಡುಪಿಗೆ ದುಡಿಯಲು ಹೋಗುವ ಕುಟುಂಬಗಳು ಬಹಳ. ಗಂಡನ ಹೆಸರಿನ ಸಿಮ್ ಹೆಂಡತಿಯ ಕೈಯಲ್ಲಿ, ತಂದೆಯ ಹೆಸರಿನದು ಮಗನ ಕೈಯಲ್ಲಿ ಇರುವುದು ಇಲ್ಲಿ ದಿನನಿತ್ಯದ ಸಂಗತಿ. ಆದ್ದರಿಂದ ಸಿಮ್ ಯಾರ ಹೆಸರಲ್ಲಿದೆ ಎಂಬುದರಿಂದ ಅದನ್ನು ಆ ಹೊತ್ತಿನಲ್ಲಿ ಯಾರು ಹಿಡಿದಿದ್ದರು ಎಂಬುದು ಸಾಬೀತಾಗದು. ಆ ಹೊತ್ತಿನ ಕರೆಯ ಇನ್ನೊಂದು ತುದಿಯಲ್ಲಿದ್ದವರ ಸಾಕ್ಷ್ಯ, ಸಿಸಿಟಿವಿ, ಯುಪಿಐ ಪಾವತಿ, ಬಸ್ ಟಿಕೆಟ್ ಇಂಥವುಗಳಿಂದ ಕೈಯನ್ನೂ ಫೋನನ್ನೂ ಕೂಡಿಸಬೇಕು. ಸಿಸಿಟಿವಿಯ ಗಡಿಯಾರ ಹತ್ತಿಪ್ಪತ್ತು ನಿಮಿಷ ಹಿಂದುಮುಂದು ಇರಬಹುದಾದ್ದರಿಂದ, ವಶಪಡಿಸಿಕೊಳ್ಳುವಾಗಲೇ ನಿಜವಾದ ಸಮಯದೊಂದಿಗೆ ತಾಳೆ ನೋಡಿ ಪಂಚನಾಮೆಯಲ್ಲಿ ಬರೆಯದಿದ್ದರೆ ಎರಡು ಒಳ್ಳೆಯ ಸಾಕ್ಷ್ಯಗಳು ಒಂದನ್ನೊಂದು ಕೆಡಿಸುತ್ತವೆ.

2013ರ ನವೆಂಬರ್ 19ರಂದು ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ನಡೆಸಿದವನು ಆಕೆಯ ಫೋನನ್ನೂ ಒಯ್ದಿದ್ದ. ಆ ಫೋನ್ ಆಂಧ್ರದ ಹಿಂದೂಪುರದಲ್ಲಿ ಮಾರಾಟವಾಗಿದ್ದು ಬೇಗನೆ ಪತ್ತೆಯಾಯಿತು. ಹಲ್ಲೆಕೋರ ಮಾತ್ರ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ, ಮೂರು ವರ್ಷ ದಾಟಿದ ಮೇಲೆ. ಕಳೆದುಹೋದ ಫೋನುಗಳನ್ನು ಐಎಂಇಐ ಮೂಲಕ ತಡೆದು ಹುಡುಕುವ ಸಿಇಐಆರ್ ವ್ಯವಸ್ಥೆ ಈಗ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಎಲ್ಲರಿಗೂ ತೆರೆದಿದೆ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡವಿದೆ.

ಇಳಕಲ್ಲಿನ ಪಾರ್ಸೆಲ್

2024ರ ನವೆಂಬರಿನಲ್ಲಿ ಇಳಕಲ್ಲಿನಲ್ಲಿ ಹೇರ್ ಡ್ರೈಯರ್ ಸಿಡಿದು, ದಿವಂಗತ ಯೋಧರೊಬ್ಬರ ಪತ್ನಿ ಎರಡೂ ಕೈಗಳಿಗೆ ಭೀಕರ ಗಾಯ ಮಾಡಿಕೊಂಡರು. ಅದು ಗೆಳತಿಯ ಹೆಸರಿಗೆ ಕೊರಿಯರಿನಲ್ಲಿ ಬಂದಿದ್ದ ಪಾರ್ಸೆಲ್; ಗೆಳತಿ ಊರಲ್ಲಿರಲಿಲ್ಲವಾಗಿ ಇವರು ಬಿಡಿಸಿಕೊಂಡು ಬಂದಿದ್ದರು. ಮೊದಲಿಗೆ ವಿದ್ಯುತ್ ದೋಷವೆಂದು ತಿಳಿದ ಘಟನೆ, ತನಿಖೆ ಮುಂದುವರಿದಾಗ ಸಂಚಾಗಿ ಕಂಡಿತು. ಕಲ್ಲು ಸಿಡಿಸುವ ಡಿಟೋನೇಟರನ್ನು ಯಂತ್ರದೊಳಗೆ ಇರಿಸಲಾಗಿತ್ತು, ಗುರಿ ಆ ಗೆಳತಿಯಾಗಿದ್ದರು ಎಂದು ಪೊಲೀಸರು ಹೇಳಿ, ಗ್ರಾನೈಟ್ ಕಂಪನಿಯ ನೌಕರನೊಬ್ಬನನ್ನು ಬಂಧಿಸಿದರು.

ಸ್ಥಳದತ್ತಾಂಶವನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆಯನ್ನು ಈ ಪ್ರಕರಣ ಸ್ಪಷ್ಟವಾಗಿ ಮುಂದಿಡುತ್ತದೆ. ಪಾರ್ಸೆಲ್ ಕಳಿಸಿದವನ ಫೋನ್ ಸ್ಫೋಟದ ಹೊತ್ತಿಗೆ ಇಳಕಲ್ ಪಟ್ಟಣದ ಟವರಿನಲ್ಲಿ ಇರಬೇಕಾಗಿಯೇ ಇಲ್ಲ. ಇಂಥ ಕಡೆ ಘಟನಾ ಸ್ಥಳವೆಂದರೆ ಡ್ರೈಯರ್ ಕೊಂಡ ಅಂಗಡಿ, ಡಿಟೋನೇಟರ್ ತೆಗೆದ ಕಲ್ಲಿನ ಗಣಿ, ಪಾರ್ಸೆಲ್ ಬುಕ್ ಮಾಡಿದ ಕೊರಿಯರ್ ಕಚೇರಿ. ಒಂದೊಂದು ಸ್ಥಳಕ್ಕೂ ಒಂದೊಂದು ದಿನ, ಒಂದೊಂದು ಹೊತ್ತು. ಮತ್ತೆ ಇಳಕಲ್‌ನಲ್ಲೇ ಕೆಲಸ ಮಾಡುವವನ ಫೋನ್ ಇಳಕಲ್ ಟವರಿನಲ್ಲಿ ಸಿಕ್ಕರೆ ಅದರಿಂದ ಸಾಬೀತಾಗುವುದೂ ಏನಿಲ್ಲ. ಆತ ಪ್ರತಿದಿನವೂ ಅಲ್ಲೇ ಇರುತ್ತಾನೆ. ಒಬ್ಬನ ಫೋನ್ ಇರಬೇಕಾದ ಕಾರಣವೇ ಇಲ್ಲದ ಕಡೆ, ಇರಬಾರದ ಹೊತ್ತಿನಲ್ಲಿ ಕಂಡಾಗ ಮಾತ್ರ ಲೊಕೇಶನ್ನಿಗೆ ತೂಕ ಬರುತ್ತದೆ.

ನ್ಯಾಯಾಲಯದಲ್ಲಿ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಇಂಥ ದಾಖಲೆಗಳನ್ನು ತರಿಸಲಾಗುತ್ತದೆ. 2013ರಲ್ಲಿ ಅರುಣ್ ಜೇಟ್ಲಿ ಅವರ ಕರೆ ದಾಖಲೆಗಳನ್ನು ಅಕ್ರಮವಾಗಿ ತೆಗೆದದ್ದು ಬಯಲಾದ ಮೇಲೆ ನಿಯಮ ಬಿಗಿಯಾಗಿ, ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅದಕ್ಕೂ ಮೇಲಿನ ದರ್ಜೆಯವರ ಮೂಲಕವೇ ಕೋರಿಕೆ ಹೋಗಬೇಕಾಯಿತು. ಬಾದಾಮಿ ಅಥವಾ ಅಮೀನಗಡ ಠಾಣೆಯ ಪಿಎಸ್‌ಐ ನೇರವಾಗಿ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯುವಂತಿಲ್ಲ. ಕಡತ ಜಿಲ್ಲಾ ಪೊಲೀಸ್ ಕಚೇರಿ ಹಾಯ್ದು ಹೋಗಬೇಕು.

ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಪ್ರಮಾಣಪತ್ರ ಬೇಕು. ಸಂಸತ್ ದಾಳಿ ಪ್ರಕರಣದ 2005ರ ತೀರ್ಪು ಪ್ರಮಾಣಪತ್ರವಿಲ್ಲದೆಯೂ ಸಿಡಿಆರನ್ನು ಒಪ್ಪಿತ್ತು. 2014ರ ಅನ್ವರ್ ತೀರ್ಪು ಅದನ್ನು ತಳ್ಳಿಹಾಕಿತು, 2020ರ ಅರ್ಜುನ್ ಪಂಡಿತರಾವ್ ತೀರ್ಪು ಗಟ್ಟಿ ಮಾಡಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎರಡು ಭಾಗದ ಪ್ರಮಾಣಪತ್ರ ಕೇಳುತ್ತದೆ: ಒಂದು ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಜೊತೆಗೆ ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ.

ದಾಖಲೆ ಒಪ್ಪಿತವಾದರೂ ಅದು ಸಾಂದರ್ಭಿಕ ಸಾಕ್ಷ್ಯದ ಸರಪಳಿಯ ಒಂದು ಕೊಂಡಿ ಮಾತ್ರ. 2003ರ ಡಿಸೆಂಬರಿನಲ್ಲಿ ನಡೆದ ಬೆಂಗಳೂರಿನ ರಿಂಗ್ ರೋಡ್ ಕೊಲೆ ಪ್ರಕರಣದಲ್ಲಿ ಕರೆ ದಾಖಲೆಗಳೇ ಆರೋಪಿಗಳ ನಂಟನ್ನು ಬಿಡಿಸಿಟ್ಟವು. 2010ರಲ್ಲಿ ಶಿಕ್ಷೆಯಾಗಿ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ದಾಖಲೆಗಳ ಜೊತೆ ಉದ್ದೇಶವೂ ನಡವಳಿಕೆಯೂ ಕೂಡಿದ್ದವು.

ಯಂತ್ರ ಹೇಳಿದ್ದೆಲ್ಲ ಸತ್ಯವೆಂದು ನಂಬಿದ ದೇಶವೊಂದು ಪೆಟ್ಟು ತಿಂದಿದೆ. ಡೆನ್ಮಾರ್ಕಿನಲ್ಲಿ ಕಂಪನಿಗಳ ಮೂಲ ದತ್ತಾಂಶವನ್ನು ಪೊಲೀಸರಿಗೆ ಓದಲು ಬರುವಂತೆ ಪರಿವರ್ತಿಸುವ ತಂತ್ರಾಂಶ ವಿವರಗಳನ್ನು ಬಿಟ್ಟುಬಿಡುತ್ತಿದ್ದದ್ದು 2019ರಲ್ಲಿ ಗೊತ್ತಾಯಿತು. ಸರ್ಕಾರಿ ಅಭಿಯೋಜಕರು ಎರಡು ತಿಂಗಳು ಈ ಸಾಕ್ಷ್ಯದ ಬಳಕೆಯನ್ನೇ ನಿಲ್ಲಿಸಿದರು. 2012ರಿಂದೀಚಿನ 10,000ಕ್ಕೂ ಹೆಚ್ಚು ಪ್ರಕರಣಗಳ ಮರುಪರಿಶೀಲನೆ ನಡೆಯಿತು; 32 ಜನರನ್ನು ಬಂಧನದಿಂದ ಬಿಡಲಾಯಿತು. ನಮ್ಮ ಠಾಣೆಗಳಲ್ಲೂ ವಿಶ್ಲೇಷಣೆ ನಡೆಯುವುದು ತಂತ್ರಾಂಶದ ಮೂಲಕವೇ. ನಕ್ಷೆಯ ಮೇಲಿನ ಕೆಂಪು ಚುಕ್ಕೆ ಟವರಿನದೋ ಫೋನಿನದೋ ಎಂದು ಪಾಟೀಸವಾಲಿನಲ್ಲಿ ಕೇಳುವ ವಕೀಲರು ಹೆಚ್ಚಬೇಕು.

ಖಾಸಗಿತನ ಮತ್ತು ಆರೋಪಿಯ ಹಕ್ಕು

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ಪ್ರಕರಣದಲ್ಲಿ, ಒಬ್ಬನ 127 ದಿನಗಳ 12,898 ಸ್ಥಳಬಿಂದುಗಳನ್ನು ವಾರಂಟ್ ಇಲ್ಲದೆ ಪಡೆದದ್ದು ತಪ್ಪೆಂದಿತು. ನಮ್ಮಲ್ಲಿ ಸಿಡಿಆರ್‌ಗೆ ನ್ಯಾಯಾಧೀಶರ ಅನುಮತಿ ಕಡ್ಡಾಯವಿಲ್ಲ, ಇರಬೇಕಿತ್ತು. ಟವರ್ ಡಂಪಿನಲ್ಲಂತೂ ಆ ದಾರಿಯಲ್ಲಿ ಹೋದ ನಿರಪರಾಧಿಗಳೆಲ್ಲರ ಸಂಖ್ಯೆ ಠಾಣೆಯ ಕಂಪ್ಯೂಟರಿಗೆ ಬರುತ್ತದೆ. ಆದರೂ ನ್ಯಾಯಾಲಯಗಳು ಗೆರೆ ಎಳೆಯುತ್ತಿವೆ. ದಾಂಪತ್ಯ ವ್ಯಾಜ್ಯವೊಂದರಲ್ಲಿ ಮೂರನೆಯ ವ್ಯಕ್ತಿಯ ಟವರ್ ವಿವರ ತರಿಸುವ ಆದೇಶವನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ಜಾಮೀನು ಪಡೆದವನು ತನ್ನ ಗೂಗಲ್ ಲೊಕೇಶನನ್ನು ಸದಾ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಹೇಳಿತು.

ಈ ದಾಖಲೆ ಪೊಲೀಸರ ಆಸ್ತಿಯಷ್ಟೇ ಎಂದು ತಿಳಿದವರು ಬಹಳ. ಮಾದಕವಸ್ತು ಪ್ರಕರಣವೊಂದರ ಆರೋಪಿ, ತನ್ನನ್ನು ಹಿಡಿದೆವೆನ್ನುವ ಅಧಿಕಾರಿಗಳು ಆ ಸ್ಥಳದಲ್ಲಿ ಇರಲೇ ಇಲ್ಲವೆಂದು ತೋರಿಸಲು ಅವರ ಫೋನುಗಳ ಟವರ್ ವಿವರ ಕೇಳಿದಾಗ, 2014ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಸಂಬಂಧವಿಲ್ಲದ ಸಂಖ್ಯೆಗಳನ್ನು ಮಸಿ ಬಳಿದು ಮರೆಮಾಡಿ, ಲೊಕೇಶನ್ ಮಾತ್ರ ಕೊಡುವಂತೆ ಹೇಳಿತು. ಅಂದರೆ ಸುಳ್ಳು ಕೇಸಿನಲ್ಲಿ ಸಿಕ್ಕಿಬಿದ್ದವನು ತಾನು ಆ ದಿನ ಬೇರೆ ಊರಲ್ಲಿದ್ದೆನೆಂದು ತೋರಿಸಲೂ ಇದೇ ದಾಖಲೆ ಆಧಾರ. ಕಂಪನಿಗಳು ಸಿಡಿಆರನ್ನು ಕನಿಷ್ಠ ಇಟ್ಟುಕೊಳ್ಳಬೇಕಾದ ಅವಧಿ ಒಂದು ವರ್ಷವಿದ್ದದ್ದು 2021ರ ಡಿಸೆಂಬರಿನಿಂದ ಎರಡು ವರ್ಷವಾಗಿದೆ. ಆ ಬಳಿಕ ಅಳಿಸಿಹಾಕಿದರೆ ಕೇಳುವಂತಿಲ್ಲ, ಮತ್ತು ನಮ್ಮ ವಿಚಾರಣೆಗಳು ಎರಡು ವರ್ಷದಲ್ಲಿ ಮುಗಿಯುವುದು ಅಪರೂಪ. ಆದ್ದರಿಂದ ಇಂಥ ಪ್ರಕರಣದಲ್ಲಿ ಸಿಲುಕಿದವರೂ ಅವರ ವಕೀಲರೂ ಸಾಕ್ಷಿ ವಿಚಾರಣೆಯವರೆಗೆ ಕಾಯದೆ, ಆ ದಿನಗಳ ದಾಖಲೆಯನ್ನು ಕಾಯ್ದಿರಿಸುವಂತೆ ಕಂಪನಿಗೆ ಸೂಚಿಸಬೇಕೆಂದು ನ್ಯಾಯಾಲಯಕ್ಕೆ ಆರಂಭದಲ್ಲೇ ಅರ್ಜಿ ಸಲ್ಲಿಸಬೇಕು.